ಎಸ್ಟಿಮೇಟಿನಲ್ಲಿ ಮಳೆಗೂ ಒಂದು ಸಾಲು ಬೇಕು

ಮಳೆಗೆ ಮೋರಿ ಕೊಚ್ಚಿಹೋದ ಮರುದಿನ ನಮ್ಮಲ್ಲಿ ನಡೆಯುವ ವಿಚಾರಣೆ ಯಾವಾಗಲೂ ಒಂದೇ ದಾರಿ ಹಿಡಿಯುತ್ತದೆ. ಗುತ್ತಿಗೆದಾರ ಸಿಮೆಂಟ್ ನುಂಗಿದ, ಎಂಜಿನಿಯರ್ ಸ್ಥಳ ನೋಡದೆ ಅಳತೆ ಪುಸ್ತಕ (ಎಂ.ಬಿ.) ಬರೆದ, ರಾಜಕಾರಣಿ ಪರ್ಸೆಂಟೇಜ್ ಹೊಡೆದ. ಎಷ್ಟೋ ಸಲ ಇದು ನಿಜವೇ ಇರುತ್ತದೆ. ಆದರೆ ಸಿಮೆಂಟನ್ನು ಚೀಲದ ಲೆಕ್ಕದಲ್ಲಿ ಸರಿಯಾಗಿ ಸುರಿದು, ಕ್ಯೂರಿಂಗ್ ಮಾಡಿ, ಯಾರೂ ಒಂದು ರೂಪಾಯಿ ಮುಟ್ಟದೆ ಕಟ್ಟಿದ ಮೋರಿಯೂ ಕೊಚ್ಚಿಹೋಗುತ್ತದೆ. ಕಾರಣ, ಅದು ಕಾಗದದ ಮೇಲೆಯೇ ಚಿಕ್ಕದಾಗಿತ್ತು. ಕಳಪೆ ಕಾಮಗಾರಿಯ ಬಗ್ಗೆ ನಾವು ಆಡುವ ಮಾತಿನಲ್ಲಿ ಹತ್ತರಲ್ಲೊಂದು ಪಾಲನ್ನು ಕಳಪೆ ಎಸ್ಟಿಮೇಟಿನ ಬಗ್ಗೆ ಆಡುವುದಿಲ್ಲ. ಎಸ್ಟಿಮೇಟ್ ಎಂದರೆ ಗುಮಾಸ್ತರ ಕೆಲಸ, ಈಗಂತೂ ಅದನ್ನು ಸಾಫ್ಟ್‌ವೇರ್ ಮಾಡುತ್ತದೆ ಎಂಬ ಭಾವನೆ ಇದೆ. ರಸ್ತೆ, ಸೇತುವೆ, ಚರಂಡಿಗಳು ಬಿರುಮಳೆಗೆ ನಿಲ್ಲುತ್ತವೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಆ ಸಾಫ್ಟ್‌ವೇರಿನ ಪರದೆಯ ಮೇಲೆ. ಅಲ್ಲಿ ಮಳೆಗೆ ಒಂದು ಸಾಲೂ ಇಲ್ಲ ಎನ್ನುವುದೇ ನನ್ನ ತಕರಾರು.

ಎಸ್ಟಿಮೇಟ್ ಹೇಗೆ ತಯಾರಾಗುತ್ತದೆ ನೋಡಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಆರ್, ಅದರ ಆಧಾರ. ಮಣ್ಣು ಅಗೆತ ಘನಮೀಟರಿಗೆ ಇಷ್ಟು, ಕಾಂಕ್ರೀಟ್ ಇಷ್ಟು, ಹ್ಯೂಮ್ ಪೈಪ್ ಮೀಟರಿಗೆ ಇಷ್ಟು. ಜೂನಿಯರ್ ಎಂಜಿನಿಯರ್ ಉದ್ದ, ಅಗಲ, ಆಳ ತುಂಬುತ್ತಾರೆ, ಐಟಂ ಆರಿಸುತ್ತಾರೆ, ಜಲ್ಲಿ-ಮರಳು ಎಷ್ಟು ದೂರದಿಂದ ಬರಬೇಕು ಎಂಬ ಲೀಡ್ ಸೇರಿಸುತ್ತಾರೆ. ಉಳಿದದ್ದನ್ನು ಎಕ್ಸೆಲ್ ಅಥವಾ ಇಲಾಖೆಯ ತಂತ್ರಾಂಶ ನೋಡಿಕೊಳ್ಳುತ್ತದೆ. ನರೇಗಾ ಕಾಮಗಾರಿಗಳಿಗಾಗಿ ಕೇರಳದ ಎನ್‌ಐಸಿ ರೂಪಿಸಿದ ‘ಸೆಕ್ಯೂರ್’ ತಂತ್ರಾಂಶದ ಮೂಲ ತರ್ಕವೂ ಇದೇ: ಪ್ರಮಾಣ ಗುಣಿಸು ದರ. ಇದರಿಂದ ಲಾಭವಾಗಿಲ್ಲ ಎನ್ನಲಾಗದು. ಕೈಬರಹದ ಕಾಲದ ಕೂಡು-ಕಳೆ ತಪ್ಪುಗಳು ಹೋದವು, ಹಳೆಯ ದರ ಹಾಕಿ ದಾರಿ ತಪ್ಪಿಸುವುದು ಕಷ್ಟವಾಯಿತು, ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಆದರೆ ಯಂತ್ರ ಉತ್ತರ ಕೊಡುವುದು ಕೇಳಿದ ಪ್ರಶ್ನೆಗೆ ಮಾತ್ರ. ‘ಇದನ್ನು ಕಟ್ಟಲು ಎಷ್ಟಾಗುತ್ತದೆ’ ಎಂದು ಕೇಳಿದ್ದೇವೆ, ಪೈಸೆ ತನಕ ಹೇಳುತ್ತದೆ. ‘ಇದನ್ನು ಉಳಿಸಿಕೊಳ್ಳಲು ಎಷ್ಟಾಗುತ್ತದೆ’ ಎಂದು ಕೇಳಿಯೇ ಇಲ್ಲ. ಮಲೆನಾಡಿನಂಥ ಕಡೆ ಕೂಲಿ ದರಕ್ಕೆ ಒಂದಿಷ್ಟು ಶೇಕಡಾವಾರು ಹೆಚ್ಚುವರಿ ಸೇರುವುದುಂಟು. ಅದು ಆ ಮಳೆಯಲ್ಲಿ ಕೆಲಸ ಮಾಡುವ ಕಷ್ಟಕ್ಕೆ ಕೊಡುವ ಹಣ. ಆ ಮಳೆಯನ್ನು ಕಾಮಗಾರಿ ತಾಳಿಕೊಳ್ಳುವುದಕ್ಕೆ ಕೊಡುವ ಹಣವಲ್ಲ.

ಪ್ರಮಾಣ ಗುಣಿಸು ದರ ಎಂಬ ಈ ತರ್ಕ ನೋಡಲು ನಿರುಪದ್ರವಿ, ಆದರೆ ಅದು ಎಂಜಿನಿಯರನ್ನು ಒಂದು ದಿಕ್ಕಿಗೆ ತಳ್ಳುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ನದಿಯೊಳಗೆ ಹೋಯಿತು. ಚಹಾ ಅಂಗಡಿ, ಲಾರಿ, ಜನ ಎಲ್ಲವೂ ಅದರಡಿ ಸಿಕ್ಕವು. ಹೆದ್ದಾರಿ ಅಗಲೀಕರಣಕ್ಕೆ ಗುಡ್ಡವನ್ನು ಕಡಿದಾಗಿ ಕತ್ತರಿಸಿದ್ದೇ ಇದಕ್ಕೆ ಕಾರಣವೆಂಬ ಚರ್ಚೆ ಆಗ ಜೋರಾಗಿ ನಡೆಯಿತು. ಆ ಒಂದು ದುರಂತದ ಹೊಣೆ ಯಾರದ್ದು ಎಂಬ ಪ್ರಶ್ನೆ ಇಲ್ಲಿ ಬೇಡ. ನೆಟ್ಟಗೆ ಗುಡ್ಡ ಕಡಿಯುವ ಅಭ್ಯಾಸ ಎಲ್ಲಿಂದ ಬಂತು ಎಂದಷ್ಟೇ ಕೇಳೋಣ. 20 ಮೀಟರ್ ಎತ್ತರದ ಕಡಿತವನ್ನು ನೆಟ್ಟಗೆ ಮಾಡುವ ಬದಲು ಒಂದಕ್ಕೊಂದರ ಇಳಿಜಾರಿನಲ್ಲಿ ಮಾಡಿದರೆ, ಮೇಲಿನ ನೆಲ ಸಮತಟ್ಟಾಗಿದ್ದರೂ ರಸ್ತೆಯ ಪ್ರತಿ ಮೀಟರ್ ಉದ್ದಕ್ಕೆ 200 ಘನಮೀಟರ್ ಮಣ್ಣು ಹೆಚ್ಚು ತೆಗೆಯಬೇಕು. ಕಿಲೋಮೀಟರಿಗೆ 2 ಲಕ್ಷ ಘನಮೀಟರ್. ನೆಲ ಮೇಲಕ್ಕೇರುತ್ತ ಹೋದರೆ ಇನ್ನೂ ಹೆಚ್ಚು. ಅದರ ಮೇಲೆ 20 ಮೀಟರ್ ಹೆಚ್ಚುವರಿ ಜಾಗದ ಭೂಸ್ವಾಧೀನ, ಅರಣ್ಯ ಇಲಾಖೆಯ ಅನುಮತಿ. ಎಸ್ಟಿಮೇಟಿನ ಕಣ್ಣಿಗೆ ಇವೆಲ್ಲ ಶುದ್ಧ ಖರ್ಚು. ನೆಟ್ಟಗೆ ಕಡಿದರೆ ಅಷ್ಟೂ ಉಳಿತಾಯ. ಗುಡ್ಡ ಜಾರಿದರೆ ಆಗುವ ನಷ್ಟಕ್ಕೆ ಯಾವ ಐಟಂ ನಂಬರೂ ಇಲ್ಲದ್ದರಿಂದ ಈ ಉಳಿತಾಯದ ಎದುರಿಗೆ ತಕ್ಕಡಿಯ ಇನ್ನೊಂದು ತಟ್ಟೆಯೇ ಇಲ್ಲ. ಹೀಗಿರುವಾಗ ಅತ್ಯಂತ ಪ್ರಾಮಾಣಿಕ ಅಧಿಕಾರಿಯೂ ಕಡಿದಾದ ಗುಡ್ಡದ ಕಡೆಗೇ ವಾಲುತ್ತಾನೆ. ಹೆಚ್ಚು ಮಣ್ಣು ತೆಗೆಯಬೇಕೆಂದು ಬರೆದವನನ್ನು ಮೇಲಧಿಕಾರಿ ಅನುಮಾನದಿಂದ ನೋಡುತ್ತಾರೆ, ಕಡಿಮೆ ಬರೆದವನನ್ನು ಯಾರೂ ಪ್ರಶ್ನಿಸುವುದಿಲ್ಲ.

ಮೋರಿಯ ಲೆಕ್ಕ ಇನ್ನೂ ಸ್ಪಷ್ಟ. ಅದೇ ಇಳಿಜಾರಿನಲ್ಲಿ ತುಂಬಿ ಹರಿಯುವ ಕೊಳವೆ ಸಾಗಿಸುವ ನೀರು ಅದರ ವ್ಯಾಸಕ್ಕೆ ನೇರ ಅನುಪಾತದಲ್ಲಿ ಏರುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಏರುತ್ತದೆ. 600 ಮಿ.ಮೀ. ಪೈಪಿನ ಜಾಗದಲ್ಲಿ 900 ಮಿ.ಮೀ. ಪೈಪ್ ಹಾಕಿದರೆ ವ್ಯಾಸ ಒಂದೂವರೆ ಪಟ್ಟಾಗುತ್ತದೆ, ಸಾಗುವ ನೀರು ಸುಮಾರು ಮೂರು ಪಟ್ಟಾಗುತ್ತದೆ. 1,200 ಹಾಕಿದರೆ ಆರು ಪಟ್ಟಿಗೂ ಹೆಚ್ಚು. ಪೈಪಿನ ದರ ಏರುತ್ತದೆ, ಅಗೆತ ಮತ್ತು ಎರಡು ಬದಿಯ ಗೋಡೆ ಸ್ವಲ್ಪ ದೊಡ್ಡದಾಗುತ್ತವೆ. ಆದರೆ ರಸ್ತೆ ಕತ್ತರಿಸುವುದು, ಯಂತ್ರ ತರಿಸುವುದು, ಸಂಚಾರ ಬದಲಿಸುವುದು, ಮೇಲೆ ಮತ್ತೆ ಡಾಂಬರು ಹಾಕುವುದು ಇವೆಲ್ಲ ಹೆಚ್ಚುಕಡಿಮೆ ಅಷ್ಟೇ. ಎಸ್ಟಿಮೇಟಿನ ಕೊನೆಯ ಪುಟದಲ್ಲಿ ಕಾಣುವುದು ಏರಿದ ಮೊತ್ತ ಮಾತ್ರ. ಮೂರು ಪಟ್ಟು ನೀರು ಎಲ್ಲಿಯೂ ಕಾಣುವುದಿಲ್ಲ, ಏಕೆಂದರೆ ನೀರು ಐಟಂ ಅಲ್ಲ. ಅನುದಾನ 10 ಲಕ್ಷಕ್ಕೆ ಕೂರಿಸಬೇಕಾದಾಗ ಮೊದಲು ಕಿರಿದಾಗುವುದು ಪೈಪು, ಆಮೇಲೆ ಚರಂಡಿ, ಆಮೇಲೆ ತಡೆಗೋಡೆಯ ಹಿಂದಿನ ನೀರು ಬಸಿಯುವ ವ್ಯವಸ್ಥೆ. ಮೇಲಿನ ಡಾಂಬರಿನ ಉದ್ದ ಮಾತ್ರ ಕಡಿಮೆಯಾಗದು, ಉದ್ಘಾಟನೆಯ ಫಲಕದಲ್ಲಿ ಬರುವುದು ಅದೊಂದೇ ತಾನೆ.

ಹಾಗಾದರೆ ಬಿರುಮಳೆಯ ಬೆಲೆ ಕೊನೆಗೂ ಎಲ್ಲಿ ಕಾಣಿಸಿಕೊಳ್ಳುತ್ತದೆ? ಬೇರೆ ಇಲಾಖೆಯ ಬೇರೆ ಲೆಕ್ಕಶೀರ್ಷಿಕೆಯಲ್ಲಿ, ವಿಕೋಪ ಪರಿಹಾರವೆಂಬ ಹೆಸರಿನಲ್ಲಿ. 2019ರ ಆಗಸ್ಟ್ ಪ್ರವಾಹದ ನಂತರ ರಾಜ್ಯ ಸರ್ಕಾರ ಅಂದಾಜಿಸಿದ ನಷ್ಟ ಸುಮಾರು ₹35 ಸಾವಿರ ಕೋಟಿ. ಆಗ ಜಾರಿಯಲ್ಲಿದ್ದ ವಿಕೋಪ ಪರಿಹಾರ ನಿಧಿಯ ಮಾನದಂಡದಲ್ಲಿ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳ ದುರಸ್ತಿಗೆ ಕಿಲೋಮೀಟರಿಗೆ ₹1 ಲಕ್ಷ, ಗ್ರಾಮೀಣ ರಸ್ತೆಗೆ ₹60 ಸಾವಿರ. ಈ ಹಣದಲ್ಲಿ ಕೊಚ್ಚಿಹೋದ ಕಡೆ ಮಣ್ಣು ತುಂಬಬಹುದು, ಹಳೆಯ ಅಳತೆಯ ಪೈಪನ್ನೇ ಮತ್ತೆ ಕೂರಿಸಬಹುದು, ಅದಕ್ಕಿಂತ ಹೆಚ್ಚೇನೂ ಆಗದು. ತಾತ್ಕಾಲಿಕ ದುರಸ್ತಿಗೆಂದೇ ಮಾಡಿದ ಮಾನದಂಡ ಅದು, ತಪ್ಪೆನ್ನುವಂತಿಲ್ಲ. ತಪ್ಪು ಇರುವುದು ಎರಡು ಲೆಕ್ಕಗಳ ಮುಖಾಮುಖಿ ಆಗದಿರುವುದರಲ್ಲಿ. ಇದೇ ರಸ್ತೆಯ ಇದೇ ಜಾಗ ಹತ್ತು ವರ್ಷದಲ್ಲಿ ಎಷ್ಟು ಸಲ ಕಿತ್ತುಹೋಯಿತು, ಪ್ರತಿ ಸಲ ಎಷ್ಟು ಖರ್ಚಾಯಿತು ಎಂಬುದು ಜಿಲ್ಲಾಧಿಕಾರಿ ಕಚೇರಿಯ ಕಡತದಲ್ಲಿ ಇರುತ್ತದೆ. ಹೊಸ ಎಸ್ಟಿಮೇಟ್ ಮಾಡುವ ತಂತ್ರಾಂಶಕ್ಕೆ ಆ ಕಡತದ ಗಂಧವೂ ಇಲ್ಲ.

ಮುಖಾಮುಖಿ ಮಾಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಮೋರಿಯ ಲೆಕ್ಕ ಹಾಕೋಣ. ಚಿಕ್ಕ ಮೋರಿಗೆ ₹10 ಲಕ್ಷ, ಅದು ಸರಾಸರಿ ಹತ್ತು ವರ್ಷಕ್ಕೊಮ್ಮೆ ಬರುವ ನೆರೆಗೆ ಸೋಲುತ್ತದೆ. ದೊಡ್ಡದಕ್ಕೆ ₹14 ಲಕ್ಷ, ಐವತ್ತು ವರ್ಷಕ್ಕೊಮ್ಮೆ ಬರುವ ನೆರೆಗೆ ಸೋಲುತ್ತದೆ. ಸೋತಾಗಲೆಲ್ಲ ದುರಸ್ತಿಗೆ ₹6 ಲಕ್ಷ. ಮೂವತ್ತು ವರ್ಷಗಳಲ್ಲಿ ಚಿಕ್ಕದರ ನಿರೀಕ್ಷಿತ ದುರಸ್ತಿ ವೆಚ್ಚ ₹18 ಲಕ್ಷ, ದೊಡ್ಡದರದ್ದು ₹3.6 ಲಕ್ಷ. ಒಟ್ಟು 28 ಲಕ್ಷದ ಎದುರು 17.6 ಲಕ್ಷ. ನಾಳೆಯ ರೂಪಾಯಿಗೆ ಇಂದಿನ ರೂಪಾಯಿಯಷ್ಟು ಬೆಲೆ ಇಲ್ಲವೆಂದು ಅರ್ಥಶಾಸ್ತ್ರಜ್ಞರು ಆಕ್ಷೇಪಿಸಬಹುದು, ಅದು ಸರಿ. ವರ್ಷಕ್ಕೆ ಶೇ 8ರಂತೆ ಬೆಲೆ ಇಳಿಸಿ ನೋಡಿದರೂ ಚಿಕ್ಕದು ಸುಮಾರು 16.8 ಲಕ್ಷ, ದೊಡ್ಡದು 15.4 ಲಕ್ಷ. ಶೇ 12 ಹಿಡಿದರೆ ಎರಡೂ ಹೆಚ್ಚುಕಡಿಮೆ ಸಮ. ಆಗ ತೀರ್ಮಾನವಾಗುವುದು ಇಲ್ಲಿಯವರೆಗೆ ಲೆಕ್ಕಕ್ಕೇ ತೆಗೆದುಕೊಳ್ಳದ ಸಂಗತಿಗಳಿಂದ. ಮೋರಿ ಹೋದ ದಿನ ಸುತ್ತುಬಳಸಿ ಹೋಗುವ ಬಸ್ಸು, ಆಸ್ಪತ್ರೆಗೆ ತಲುಪಲಾಗದ ಬಾಣಂತಿ, ಹೊಲದಲ್ಲೇ ಉಳಿದ ಕಬ್ಬು ಇವಕ್ಕೆ ಎಷ್ಟು ಬೆಲೆ ಕಟ್ಟುತ್ತೇವೆ ಎಂಬುದರಿಂದ. ಯಾರೂ ಓಡಾಡದ ಕಡೆ ಚಿಕ್ಕ ಮೋರಿಯೇ ಸರಿ ಎಂದು ಇದೇ ಲೆಕ್ಕ ಹೇಳಲೂಬಹುದು, ಹೇಳಲಿ. ಎಲ್ಲ ಕಡೆ ದೊಡ್ಡದು ಕಟ್ಟಿ ಎಂಬುದು ನನ್ನ ವಾದವಲ್ಲ. ತೀರ್ಮಾನ ಲೆಕ್ಕ ಹಾಕಿ ಆಗಲಿ, ಲೆಕ್ಕ ಬಿಟ್ಟು ಆಗುವುದು ಬೇಡ.

ಕರ್ನಾಟಕದ ಮಟ್ಟಿಗೆ ಇದು ಅಸಾಧ್ಯದ ಬೇಡಿಕೆಯೂ ಅಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಕಾಲು ಗಂಟೆಗೊಮ್ಮೆ ಮಾಹಿತಿ ಬರುತ್ತದೆ. ದೇಶದ ಬೇರೆ ರಾಜ್ಯಗಳು ಆಸೆಪಡುವಂಥ ಸಂಪತ್ತು ಇದು. ಆದರೂ ನಾವು ಅದನ್ನು ಬಳಸುವುದು ರೈತರಿಗೆ ಸಂದೇಶ ಕಳಿಸಲು, ಬೆಳೆವಿಮೆ ಲೆಕ್ಕಕ್ಕೆ, ಟಿ.ವಿ.ಯಲ್ಲಿ ನಕ್ಷೆ ತೋರಿಸಲು. ತಂತ್ರಾಂಶದಲ್ಲಿ ಪಂಚಾಯಿತಿಯ ಹೆಸರು ಒತ್ತಿದ ಕೂಡಲೇ ಅಲ್ಲಿನ ಗಂಟೆವಾರು ಮಳೆಯ ತೀವ್ರತೆ ತಾನಾಗಿ ಬಂದು ಕೂರಬೇಕು. ಈ ಮೋರಿ ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆಯನ್ನು ತಡೆಯುತ್ತದೆ ಎಂಬುದು ಮೊತ್ತದ ಪಕ್ಕದಲ್ಲೇ ಅಚ್ಚಾಗಬೇಕು. ಅದೇ ಜಾಗದ ಹಿಂದಿನ ಹಾನಿಯ ದಾಖಲೆಯೂ ಅಲ್ಲಿರಬೇಕು. ಇವಿಷ್ಟು ತುಂಬದೆ ತಾಂತ್ರಿಕ ಮಂಜೂರಾತಿಯ ಗುಂಡಿ ಒತ್ತಲು ಬರಬಾರದು. ಒಂದು ಮಿತಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕು: ಪಂಚಾಯಿತಿ ಮಟ್ಟದ ದಾಖಲೆಗೆ ಹೆಚ್ಚು ವಯಸ್ಸಾಗಿಲ್ಲ, ಅದೊಂದರಿಂದಲೇ ಐವತ್ತು ವರ್ಷಕ್ಕೊಮ್ಮೆ ಬರುವ ಮಳೆಯನ್ನು ಅಳೆಯಲಾಗದು. ಹವಾಮಾನ ಇಲಾಖೆಯ ಹಳೆಯ ಕೇಂದ್ರಗಳ ದೀರ್ಘ ದಾಖಲೆಯ ಜೊತೆ ಜೋಡಿಸಬೇಕು, ಅದಕ್ಕೆ ಜಲವಿಜ್ಞಾನ ಬಲ್ಲವರು ಬೇಕು. ಆದರೆ ಆ ಕೆಲಸ ರಾಜ್ಯಕ್ಕೆ ಒಮ್ಮೆ ಮಾಡಿದರೆ ಸಾಕು, ಪ್ರತಿ ಜೂನಿಯರ್ ಎಂಜಿನಿಯರ್ ಪ್ರತಿ ಮೋರಿಗೂ ಮಾಡಬೇಕಿಲ್ಲ.

ಎಂಜಿನಿಯರುಗಳು ಕೊಡುವ ಮೊದಲ ಉತ್ತರ ಗೊತ್ತಿದೆ: ಸಂಹಿತೆಗಳಿವೆ, ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ ಇದೆ, ಭಾರತೀಯ ಮಾನಕ ಐಎಸ್ ಇದೆ, ಅದರಂತೆ ಮಾಡಿದರೆ ಸಾಕು. ಸಂಹಿತೆ ಹೇಳುವುದು ಕನಿಷ್ಠವನ್ನು, ಅದೂ ತನ್ನ ಕಾಲದ ತಿಳಿವಳಿಕೆಯಂತೆ. ನಗರಗಳ ಮಳೆನೀರು ಚರಂಡಿಗೆ ದಶಕಗಳ ಕಾಲ ಆಧಾರವಾಗಿದ್ದ ಕೇಂದ್ರದ 1993ರ ಕೈಪಿಡಿ, ಊರಂಚಿನ ಬಡಾವಣೆಗಳಲ್ಲಿ ವರ್ಷಕ್ಕೆ ಎರಡು ಸಲ ನೀರು ಉಕ್ಕುವುದನ್ನು ಒಪ್ಪಿಕೊಂಡೇ ವಿನ್ಯಾಸ ಮಾಡಲು ಬಿಟ್ಟಿತ್ತು. ಮಳೆನೀರಿಗೇ ಮೀಸಲಾದ ಪ್ರತ್ಯೇಕ ಕೈಪಿಡಿ ಬಂದದ್ದು 2019ರಲ್ಲಿ. ಅಷ್ಟರೊಳಗೆ ಬೆಂಗಳೂರಿನ ಅಂಚು ಹೊರವರ್ತುಲ ರಸ್ತೆಯಾಚೆ ಹೋಗಿತ್ತು. 2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಸುಮಾರು 130 ಮಿ.ಮೀ. ಮಳೆಗೆ ಬೆಳ್ಳಂದೂರು, ಯಮಲೂರಿನ ಬೀದಿಗಳಲ್ಲಿ ಟ್ರ್ಯಾಕ್ಟರ್, ದೋಣಿ ಓಡಿದವು. ಗಾಳಿಯ ವಿಷಯವೂ ಹೀಗೆಯೇ. ಗಾಳಿಯ ಒತ್ತಡ ಕುರಿತ ಐಎಸ್ 875ರ 2015ರ ಆವೃತ್ತಿ, ಚಂಡಮಾರುತದ ನಂತರವೂ ಕೆಲಸಕ್ಕೆ ಬರಬೇಕಾದ ಕಟ್ಟಡಗಳಿಗೆ ಗಾಳಿಯ ವೇಗವನ್ನು 1.30ರಿಂದ ಗುಣಿಸಲು ಹೇಳುತ್ತದೆ. ಒತ್ತಡ ವೇಗದ ವರ್ಗದಂತೆ ಏರುವುದರಿಂದ ಅದು ಸುಮಾರು ಶೇ 69ರಷ್ಟು ಹೆಚ್ಚು ಭಾರ. ಆದರೆ ಈ ನಿಯಮ ಪೂರ್ವ ಕರಾವಳಿಗೆ ಮತ್ತು ಗುಜರಾತಿಗೆ ಮಾತ್ರ. 2021ರ ಮೇನಲ್ಲಿ ತೌತೆ ಚಂಡಮಾರುತ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳನ್ನು ಸವರಿಕೊಂಡು ಹೋದಾಗ ವಿದ್ಯುತ್ ಕಂಬಗಳು ಉರುಳಿಬಿದ್ದವು, ಸಂಹಿತೆಯ ಪ್ರಕಾರ ನಮ್ಮ ಕರಾವಳಿ ಆ ಪಟ್ಟಿಯಲ್ಲಿ ಇರಲಿಲ್ಲ. ಸಂಹಿತೆ ಬದಲಾಗಲು ದಶಕ ಬೇಕು. ಎಸ್ಟಿಮೇಟಿನ ಒಂದು ಸಾಲು ಬದಲಾಗಲು ಸರ್ಕಾರಿ ಆದೇಶ ಸಾಕು.

ಎರಡನೆಯ ಉತ್ತರ ಹಣದ್ದು, ಅದಕ್ಕೆ ತೂಕವಿದೆ. ಗುಂಡಿ ಮುಚ್ಚಲೇ ದುಡ್ಡಿಲ್ಲದ ಕಡೆ ಐವತ್ತು ವರ್ಷದ ನೆರೆಯ ಮಾತೇಕೆ? ವಿಶ್ವಬ್ಯಾಂಕ್ 2019ರಲ್ಲಿ ಪ್ರಕಟಿಸಿದ ‘ಲೈಫ್‌ಲೈನ್ಸ್’ ಅಧ್ಯಯನ, ಅಭಿವೃದ್ಧಿಶೀಲ ದೇಶಗಳಲ್ಲಿ ಮೂಲಸೌಕರ್ಯವನ್ನು ವಿಕೋಪಕ್ಕೆ ತಾಳುವಂತೆ ಕಟ್ಟಲು ಒಟ್ಟು ಹೂಡಿಕೆಯ ಸುಮಾರು ಶೇ 3ರಷ್ಟು ಹೆಚ್ಚುವರಿ ಸಾಕು, ಹಾಕಿದ ಒಂದು ಡಾಲರಿಗೆ ನಾಲ್ಕು ಡಾಲರ್ ಲಾಭ ಎಂದಿತು. ಜಾಗತಿಕ ಸರಾಸರಿಯನ್ನು ಹಾಗೇ ಹಾನಗಲ್ಲಿಗೆ ತಂದು ಅಂಟಿಸುವುದು ಬೇಡ. ಮಲೆನಾಡಿನ ಘಾಟಿ ರಸ್ತೆಯಲ್ಲಿ ಶೇ 3ರಲ್ಲಿ ಏನೂ ಆಗದು, ಬಯಲುಸೀಮೆಯಲ್ಲಿ ಅಷ್ಟೂ ಬೇಡವಾಗಬಹುದು. ಆದರೆ ಆ ಅಧ್ಯಯನದ ಒಂದು ಅಂಶ ಎಲ್ಲ ಕಡೆಗೂ ಸಲ್ಲುತ್ತದೆ: ಎಲ್ಲಿ ಅಪಾಯವಿದೆಯೋ ಅಲ್ಲಿಗಷ್ಟೇ ಹಣ ಹಾಕಲು ಗೊತ್ತಿದ್ದಾಗ ಮಾತ್ರ ಖರ್ಚು ಕಡಿಮೆ. ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಬಲಪಡಿಸಬೇಕು, ಅಥವಾ ಯಾವುದನ್ನೂ ಬಲಪಡಿಸಬಾರದು. ನಾವು ಎರಡನೆಯದನ್ನು ಆರಿಸಿಕೊಂಡಿದ್ದೇವೆ. ಹಣದ ಮೂಲವೂ ಇಲ್ಲದಿಲ್ಲ. 15ನೇ ಹಣಕಾಸು ಆಯೋಗ ರಾಜ್ಯಗಳ ವಿಕೋಪ ನಿಧಿಯ ಶೇ 20ರಷ್ಟನ್ನು ಹಾನಿ ತಗ್ಗಿಸುವ ಕೆಲಸಕ್ಕೇ ಎತ್ತಿಟ್ಟಿತು, ಪುನರ್‌ನಿರ್ಮಾಣಕ್ಕೆ ಬೇರೆಯೇ ಪಾಲು ಕೊಟ್ಟಿತು. ದೊಡ್ಡ ಪೈಪಿನ ಹೆಚ್ಚುವರಿ ₹4 ಲಕ್ಷ ಹಾನಿ ತಗ್ಗಿಸುವ ಖರ್ಚು ಎಂದು ತೋರಿಸಬೇಕಾದರೆ ಎಸ್ಟಿಮೇಟಿನಲ್ಲಿ ಅದು ಬೇರೆ ಸಾಲಾಗಿ ಕಾಣಬೇಕಲ್ಲವೇ?

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಭ್ರಷ್ಟಾಚಾರದ್ದು. ಗುತ್ತಿಗೆದಾರರ ಸಂಘವೇ ಶೇ 40 ಕಮಿಷನ್ ಆರೋಪ ಮಾಡಿದ ರಾಜ್ಯದಲ್ಲಿ, ‘ಬಿರುಮಳೆಗೆ ತಾಳುವಂತೆ’ ಎಂಬ ಹೊಸ ಐಟಂ ಕೊಟ್ಟರೆ ಎಸ್ಟಿಮೇಟ್ ಉಬ್ಬಿಸಲು ಹೊಸ ನೆಪ ಕೊಟ್ಟಂತೆ ಎಂಬುದು. ಈ ಭಯ ನಿಜ. ಶೇಕಡಾವಾರು ಲಂಪ್‌ಸಮ್ ಇಟ್ಟರೆ ಹಾಗೆಯೇ ಆಗುತ್ತದೆ. ಅದಕ್ಕಾಗಿಯೇ ಆ ಸಾಲು ಹಣದ್ದಾಗಿರದೆ ಮಳೆಯದ್ದಾಗಿರಬೇಕು: ಇಷ್ಟು ಮಿಲಿಮೀಟರ್, ಇಷ್ಟು ಜಲಾನಯನ ಪ್ರದೇಶ, ಇಷ್ಟು ವರ್ಷದ ನೆರೆ, ಆದ್ದರಿಂದ ಇಷ್ಟು ಪೈಪು. ಸಂಖ್ಯೆ ಸಾರ್ವಜನಿಕವಾಗಿದ್ದರೆ ಸುಳ್ಳನ್ನು ಊರಿನ ಪಾಲಿಟೆಕ್ನಿಕ್ ವಿದ್ಯಾರ್ಥಿಯೂ ಹಿಡಿಯಬಲ್ಲ. ಈಗಿನ ವ್ಯವಸ್ಥೆಯೇ ಹೆಚ್ಚು ಭ್ರಷ್ಟಾಚಾರಕ್ಕೆ ದಾರಿ ಎಂಬುದನ್ನೂ ಗಮನಿಸಬೇಕು. ರಾಜ್ಯದ ಟೆಂಡರ್ ಪಾರದರ್ಶಕತೆಯ 1999ರ ಕಾಯ್ದೆ, ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪದ ಸಂದರ್ಭದಲ್ಲಿ ಟೆಂಡರಿನಿಂದ ವಿನಾಯಿತಿ ಕೊಡುತ್ತದೆ. ತುರ್ತಿಗೆ ಅದು ಬೇಕಾದದ್ದೇ. ಆದರೆ ಮೋರಿ ಪ್ರತಿ ಮಳೆಗಾಲಕ್ಕೆ ಹೋಗುವಷ್ಟು ದುರ್ಬಲವಾಗಿದ್ದರೆ ಟೆಂಡರಿಲ್ಲದ ಕೆಲಸ ಪ್ರತಿ ವರ್ಷ ಹುಟ್ಟುತ್ತಲೇ ಇರುತ್ತದೆ. ಅದರಿಂದ ಬದುಕುವವರೂ ಇದ್ದಾರೆ.

ತಾಳುವಂತೆ ಕಟ್ಟುವುದೆಂದರೆ ಕಾಂಕ್ರೀಟ್ ಹೆಚ್ಚಿಸುವುದು ಎಂಬ ಗ್ರಹಿಕೆಯೂ ಸರಿಯಲ್ಲ. ಕೃಷ್ಣಾ, ದೂಧಗಂಗಾ ನದಿಗಳಲ್ಲಿ ನೆರೆ ಬಂದಾಗ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ ಸೇತುವೆಗಳು ಮುಳುಗಿದ ಸುದ್ದಿ ಹೆಚ್ಚುಕಡಿಮೆ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದೆ. ಬ್ಯಾರೇಜಿನ ಮೇಲಿನ ಇಂಥ ತಗ್ಗಿನ ಸೇತುವೆಗಳು ಮುಳುಗುತ್ತವೆ, ನೆರೆ ಇಳಿದ ಮೇಲೆ ಮತ್ತೆ ಬಳಕೆಗೆ ಬರುತ್ತವೆ. ಎಲ್ಲಿ ಸೋಲಬಹುದು, ಸೋತ ಮೇಲೆ ಎಷ್ಟು ಬೇಗ ಏಳಬಹುದು ಎಂಬುದನ್ನು ಮೊದಲೇ ತೀರ್ಮಾನಿಸುವುದೂ ತಾಳಿಕೆಯೇ. ಇದಕ್ಕೆ ವ್ಯತಿರಿಕ್ತವಾದದ್ದು 2022ರಲ್ಲಿ ಬೆಂಗಳೂರು ಮುಳುಗಿದ ಅದೇ ಹೊತ್ತಿಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಆದದ್ದು. ಕಾವೇರಿ ನೀರನ್ನು ನಗರಕ್ಕೆ ಎತ್ತುವ ಪಂಪ್‌ಹೌಸ್‌ಗೇ ನೀರು ನುಗ್ಗಿತು. ಬೀದಿಯಲ್ಲಿ ಸೊಂಟದ ತನಕ ನೀರು, ನಲ್ಲಿಯಲ್ಲಿ ಹನಿ ನೀರಿಲ್ಲ. ಇಂಥ ಜಾಗದಲ್ಲಿ ಮೋಟಾರು, ಪ್ಯಾನೆಲ್‌ಗಳ ಮಟ್ಟ ಎಷ್ಟು ಎತ್ತರದಲ್ಲಿರಬೇಕು ಎಂಬುದು ಎಸ್ಟಿಮೇಟಿನ ಭಾಷೆಯಲ್ಲಿ ಒಂದಿಷ್ಟು ಘನಮೀಟರ್ ಕಾಂಕ್ರೀಟ್. ಅದರ ಹಿಂದೆ ಒಂದು ಕೋಟಿಗೂ ಹೆಚ್ಚು ಜನ ವಾಸಿಸುವ ನಗರವಿದೆ ಎಂಬುದನ್ನು ಹೇಳಲು ಆ ಭಾಷೆಯಲ್ಲಿ ಪದವಿಲ್ಲ.

ನನ್ನ ವಾದಕ್ಕೆ ನಾನೇ ಒಡ್ಡಬೇಕಾದ ಆಕ್ಷೇಪವೊಂದಿದೆ. ಮೇಲಿನ ವಾರ್ಡಿನ ಚರಂಡಿ ದೊಡ್ಡದಾದರೆ ಕೆಳಗಿನ ವಾರ್ಡಿಗೆ ನೀರು ಬೇಗ ಬರುತ್ತದೆ. ಒಂದು ಎಸ್ಟಿಮೇಟ್ ಮಳೆಗೆ ತಾಳುವಂತಾಗಿ ಅದರ ಪಕ್ಕದ್ದು ಮುಳುಗಬಹುದು. ಟೆಂಡರಿನ ಅನುಕೂಲಕ್ಕೆ ಕಾಮಗಾರಿಯನ್ನು ತುಂಡುತುಂಡು ಮಾಡುವ ನಮ್ಮ ಪದ್ಧತಿಯಲ್ಲಿ ಇದು ಬರೀ ಸಾಧ್ಯತೆಯಲ್ಲ, ಖಚಿತ. ತಂತ್ರಾಂಶ ಇದನ್ನು ಪೂರ್ತಿ ಬಗೆಹರಿಸದು. ಜಲಾನಯನದ ನಕ್ಷೆಯ ಮೇಲೆ ಪ್ರತಿ ಎಸ್ಟಿಮೇಟನ್ನೂ ಗುರುತಿಸಿ, ಕೆಳಗಿನ ಮೋರಿಯ ಸಾಮರ್ಥ್ಯ ಮೇಲಿನದಕ್ಕಿಂತ ಕಡಿಮೆ ಇದ್ದರೆ ಕೆಂಪು ತೋರಿಸಬಲ್ಲದು ಅಷ್ಟೇ. ಕೆಂಪು ಕಂಡ ಮೇಲೆ ಎರಡು ವಾರ್ಡು, ಎರಡು ಇಲಾಖೆ ಕೂತು ಮಾತಾಡಬೇಕು. ಅದು ರಾಜಕೀಯದ ಕೆಲಸ, ಯಂತ್ರದ್ದಲ್ಲ.

ಇಡೀ ರಾಜ್ಯಕ್ಕೆ ಒಮ್ಮೆಲೇ ಹೇರುವ ಅಗತ್ಯವೂ ಇಲ್ಲ. ದರಪಟ್ಟಿಯ ಮುಂದಿನ ಪರಿಷ್ಕರಣೆಯ ಜೊತೆಗೆ ಉತ್ತರ ಕನ್ನಡ, ಕೊಡಗು, ಬೆಳಗಾವಿ ಈ ಮೂರು ಜಿಲ್ಲೆಗಳಲ್ಲಿ, ಒಂದು ಮೊತ್ತಕ್ಕೆ ಮೇಲ್ಪಟ್ಟ ರಸ್ತೆ ಮತ್ತು ಮೋರಿ ಕಾಮಗಾರಿಗಳಿಗೆ ಮಾತ್ರ ಮಳೆಯ ಸಾಲನ್ನು ಕಡ್ಡಾಯ ಮಾಡಿ ನೋಡಬಹುದು. ಒಂದು ಕಡೆ ಗುಡ್ಡ ಮತ್ತು ಕಡಲು, ಒಂದು ಕಡೆ ಘಾಟಿ, ಒಂದು ಕಡೆ ನೆರೆಯ ನದಿ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಆ ಸಾಲಿದ್ದ ಮತ್ತು ಇಲ್ಲದ ಕಾಮಗಾರಿಗಳಲ್ಲಿ ಯಾವುವು ನಿಂತವು, ಯಾವುದಕ್ಕೆ ಎಷ್ಟು ಪರಿಹಾರದ ಹಣ ಹೋಯಿತು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ವಿಧಾನಸಭೆಯ ಮುಂದೆ ಮಂಡಿಸಲಿ. ವ್ಯತ್ಯಾಸವೇನೂ ಕಾಣದಿದ್ದರೆ ಆ ಸಾಲನ್ನು ಅಳಿಸಿಹಾಕಲಿ.